ಕೆಳಕ್ರಮಾಂಕದ ಟೆನಿಸ್ ವೃತ್ತಿ: ಬೆಂಗಳೂರು ಮತ್ತು ಅದರ ಹೊರವಲಯ

ವಿಶ್ವ ರ‍್ಯಾಂಕಿಂಗ್ ಪಟ್ಟಿಯಲ್ಲಿ ಹೆಸರಿದ್ದೂ ಬಹುಮಾನದ ಹಣದಿಂದಲೇ ಬದುಕು ಸಾಗಿಸಲಾಗದ ಆಟಗಾರರು ಟೆನಿಸ್‌ನಲ್ಲಿ ಬಹುಸಂಖ್ಯಾತರು. ಪುರುಷರ ವೃತ್ತಿಪರ ಟೆನಿಸ್ ಸಂಘಟನೆಯಾದ ಎಟಿಪಿಯ ಸಿಂಗಲ್ಸ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಸಾವಿರದ ಆಸುಪಾಸು ಹೆಸರುಗಳಿರುತ್ತವೆ. ಅವರಲ್ಲಿ ಟಿ.ವಿ.ಯಲ್ಲಿ ಕಾಣಿಸಿಕೊಳ್ಳುವವರು ನೂರು ಮಂದಿ. ಉಳಿದವರ ಆಟ ನಡೆಯುವುದು ಧಾರವಾಡ, ದಾವಣಗೆರೆ, ಮಂಡ್ಯದಂಥ ಊರುಗಳ ಕೋರ್ಟುಗಳಲ್ಲಿ, ಟ್ಯುನೀಷಿಯಾ, ಟರ್ಕಿಗಳ ರೆಸಾರ್ಟುಗಳಲ್ಲಿ, ಬೆರಳೆಣಿಕೆಯ ಪ್ರೇಕ್ಷಕರ ಎದುರು. ಕೆಳಕ್ರಮಾಂಕ ಎಂಬುದಕ್ಕೆ ನಿಯಮಪುಸ್ತಕದಲ್ಲಿ ವ್ಯಾಖ್ಯೆಯಿಲ್ಲ. ಎಟಿಪಿ 2024ರಲ್ಲಿ ಪ್ರಾಯೋಗಿಕವಾಗಿ ಜಾರಿಗೆ ತಂದ ‘ಬೇಸ್‌ಲೈನ್’ ಯೋಜನೆ ಮೊದಲ 250 ಸ್ಥಾನದವರಿಗೆ ಮಾತ್ರ ವಾರ್ಷಿಕ ಕನಿಷ್ಠ ಆದಾಯದ ಭರವಸೆ ಕೊಟ್ಟಿತು. ಹಾಗಾಗಿ 250ನೇ ಸ್ಥಾನವನ್ನು ಗಡಿಯೆಂದು ಇಟ್ಟುಕೊಂಡರೆ ತಪ್ಪಾಗದು.

ಇಂಥ ಆಟಗಾರರಿಗೆ ಬೆಂಗಳೂರು ಎರಡು ಬಗೆಯಲ್ಲಿ ಒದಗಿಬಂದಿದೆ. ಕಬ್ಬನ್ ಉದ್ಯಾನದ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಕೋರ್ಟುಗಳಲ್ಲಿ ರ‍್ಯಾಂಕಿಂಗ್ ಪಾಯಿಂಟ್ ಸಿಗುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ವಸತಿ ಸಮುಚ್ಚಯಗಳ ಕೋರ್ಟುಗಳಲ್ಲಿ ಕೋಚಿಂಗ್‌ನಿಂದ ದುಡ್ಡು ಸಿಗುತ್ತದೆ. ರಾಜ್ಯದ ಕೆಳಕ್ರಮಾಂಕದ ಆಟಗಾರನ ಬದುಕಿಗೆ ಇವೆರಡೂ ಬೇಕು. ಪತ್ರಿಕೆಗಳ ಕ್ರೀಡಾಪುಟ ಮೊದಲನೆಯದನ್ನಷ್ಟೇ ವರದಿ ಮಾಡುತ್ತದೆ.

ಪಾಯಿಂಟಿನ ವ್ಯವಸ್ಥೆ

ಗಣಕಯಂತ್ರ ಆಧರಿಸಿದ ಎಟಿಪಿ ರ‍್ಯಾಂಕಿಂಗ್ ಆರಂಭವಾದದ್ದು 1973ರ ಆಗಸ್ಟ್‌ನಲ್ಲಿ. ಮಹಿಳೆಯರ ಪಟ್ಟಿ ಬಂದದ್ದು 1975ರಲ್ಲಿ. ಅಲ್ಲಿಯವರೆಗೆ ಯಾರನ್ನು ಆಡಿಸಬೇಕೆಂಬುದು ಬಹುಮಟ್ಟಿಗೆ ಸಂಘಟಕರ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ಈಗ ಎಲ್ಲವೂ ಕಳೆದ 52 ವಾರಗಳಲ್ಲಿ ಗಳಿಸಿದ ಪಾಯಿಂಟುಗಳ ಮೇಲೆ ನಿಂತಿದೆ. ಕಳೆದ ವರ್ಷ ಇದೇ ವಾರ ಗಳಿಸಿದ ಪಾಯಿಂಟು ಈ ವಾರ ಉದುರಿಹೋಗುತ್ತದೆ. ಆಟಗಾರರ ಬಾಯಲ್ಲಿ ಇದಕ್ಕೆ ‘ಪಾಯಿಂಟ್ ಡಿಫೆಂಡ್ ಮಾಡುವುದು’ ಎನ್ನುತ್ತಾರೆ. ಗಾಯವಾಗಿ ಆರು ತಿಂಗಳು ಮನೆಯಲ್ಲಿ ಕೂತವನ ಹೆಸರು ಪಟ್ಟಿಯಲ್ಲಿ ತನ್ನಷ್ಟಕ್ಕೆ ಕೆಳಕ್ಕೆ ಇಳಿಯುತ್ತಿರುತ್ತದೆ.

ಪುರುಷರ ಟೆನಿಸ್‌ನಲ್ಲಿ ಮೂರು ಸ್ತರಗಳಿವೆ. ಮೇಲೆ ಗ್ರ್ಯಾಂಡ್‌ಸ್ಲಾಮ್ ಮತ್ತು ಎಟಿಪಿ ಟೂರ್, ನಡುವೆ ಚಾಲೆಂಜರ್, ಕೆಳಗೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ನಡೆಸುವ ಎಂ15 ಮತ್ತು ಎಂ25 ಟೂರ್ನಿಗಳು. ಈ ಕೆಳಸ್ತರವನ್ನು ಹಿಂದೆ ‘ಫ್ಯೂಚರ್ಸ್’ ಎನ್ನುತ್ತಿದ್ದರು, ಹಳಬರು ಈಗಲೂ ಹಾಗೇ ಕರೆಯುತ್ತಾರೆ. ಅದಕ್ಕೂ ಹಿಂದೆ ಸ್ಯಾಟಲೈಟ್ ಸರಣಿಗಳಿದ್ದವು. ಒಂದೇ ದೇಶದಲ್ಲಿ ವಾರಗಟ್ಟಲೆ ಸುತ್ತಿ ಸರಣಿ ಮುಗಿಸಿದರಷ್ಟೇ ಪಾಯಿಂಟು ಕೈಗೆ ಬರುತ್ತಿತ್ತು.

ಎಂ15 ಟೂರ್ನಿಯ ಮುಖ್ಯ ಡ್ರಾದಲ್ಲಿ 32 ಆಟಗಾರರು. ಐದು ಪಂದ್ಯ ಗೆದ್ದು ಚಾಂಪಿಯನ್ ಆದರೆ ಈಗಿನ ನಿಯಮದಂತೆ 15 ಪಾಯಿಂಟ್, ಎಂ25 ಗೆದ್ದರೆ 25. ಗ್ರ್ಯಾಂಡ್‌ಸ್ಲಾಮ್ ಗೆದ್ದವನಿಗೆ ಸಿಗುವುದು 2000. ಪ್ರವೇಶಕ್ಕೆ ಎರಡು ವಾರಕ್ಕೂ ಮುಂಚೆ ಹೆಸರು ಕೊಡಬೇಕು. ಆಮೇಲೆ ಪಟ್ಟಿ ಬರುತ್ತದೆ. ಅದರಲ್ಲಿ ‘ಕಟ್ ಆಫ್’ ಎಲ್ಲಿ ನಿಂತಿತು, ತನ್ನ ಹೆಸರು ಮುಖ್ಯ ಡ್ರಾದಲ್ಲಿದೆಯೇ, ಕ್ವಾಲಿಫೈಯಿಂಗ್‌ನಲ್ಲಿದೆಯೇ, ಇಲ್ಲ ಆಲ್ಟರ್ನೇಟ್ ಸಾಲಿನಲ್ಲಿ ಕಾಯುತ್ತಿದೆಯೇ ಎಂದು ನೋಡಿಕೊಂಡು ಟಿಕೆಟ್ ಬುಕ್ ಮಾಡಬೇಕು. ವಿಮಾನದ ದರ ಕಡಿಮೆ ಇರುವಾಗ ಪಟ್ಟಿ ಬಂದಿರುವುದಿಲ್ಲ, ಪಟ್ಟಿ ಬರುವ ಹೊತ್ತಿಗೆ ದರ ಏರಿರುತ್ತದೆ. ಫೋರ್‌ಹ್ಯಾಂಡಿಗಿಂತ ಮೊದಲು ಇದನ್ನು ಕಲಿಯಬೇಕಾಗುತ್ತದೆ ಎಂದರೆ ತೀರಾ ಉತ್ಪ್ರೇಕ್ಷೆಯಲ್ಲ.

ಕಬ್ಬನ್ ಉದ್ಯಾನದ ಕೋರ್ಟುಗಳು

ಬೆಂಗಳೂರು ಒಂದು ಕಾಲಕ್ಕೆ ಮೇಲ್ಸ್ತರದ ಊರಾಗುವ ಹಾದಿಯಲ್ಲಿತ್ತು. 2006ರಿಂದ 2008ರವರೆಗೆ ಇಲ್ಲಿ ಮಹಿಳೆಯರ ಡಬ್ಲ್ಯುಟಿಎ ಟೂರ್ನಿ ನಡೆಯಿತು. 2006ರಲ್ಲಿ ಇಟಲಿಯ ಮಾರಾ ಸಾಂತಾಂಜೆಲೊ, 2007ರಲ್ಲಿ ಯಾರೊಸ್ಲಾವಾ ಶ್ವೆಡೋವಾ ಗೆದ್ದರು. 2008ರಲ್ಲಿ ಸೆರೆನಾ ವಿಲಿಯಮ್ಸ್ ಫೈನಲ್‌ನಲ್ಲಿ ಪ್ಯಾಟಿ ಷ್ನೈಡರ್ ಅವರನ್ನು ಸೋಲಿಸಿದರು. ಅದೇ ವರ್ಷ ಮುಂಬೈಯಿಂದ ಇಲ್ಲಿಗೆ ಬರಬೇಕಿದ್ದ ಪುರುಷರ ಎಟಿಪಿ ಟೂರ್ನಿ ರದ್ದಾಯಿತು. ಅಲ್ಲಿಂದಾಚೆಗೆ ನಗರದ ಪಾಲಿಗೆ ಉಳಿದದ್ದು ಎರಡನೆಯ, ಮೂರನೆಯ ಸ್ತರದ ಟೂರ್ನಿಗಳು. ನಗರದ ಪ್ರತಿಷ್ಠೆಗೆ ಇದರಿಂದ ಪೆಟ್ಟು ಬಿತ್ತೆಂದು ಆಗ ಅನೇಕರು ಮರುಗಿದರು. ಸ್ಥಳೀಯ ಆಟಗಾರರ ಕಡೆಯಿಂದ ನೋಡಿದರೆ ಆದದ್ದು ಒಳ್ಳೆಯದೇ. ಡಬ್ಲ್ಯುಟಿಎ ಟೂರ್ನಿಯಲ್ಲಿ ಅವರ ಪಾಲಿಗೆ ಬರುತ್ತಿದ್ದುದು ಹೆಚ್ಚೆಂದರೆ ಒಂದೆರಡು ವೈಲ್ಡ್ ಕಾರ್ಡ್. ಚಾಲೆಂಜರ್ ಮತ್ತು ಐಟಿಎಫ್ ಟೂರ್ನಿಗಳಲ್ಲಿ ಅವರು ನಿಜವಾಗಿ ಆಡಬಹುದು, ಒಂದೆರಡು ಸುತ್ತು ಗೆಲ್ಲಲೂಬಹುದು.

ಬೆಂಗಳೂರು ಓಪನ್ ಚಾಲೆಂಜರ್‌ನ ವಿಜೇತರ ಪಟ್ಟಿ ನೋಡಿದರೆ ಈ ಸ್ತರದ ಸ್ವರೂಪ ತಿಳಿಯುತ್ತದೆ. 2017ರಲ್ಲಿ ಇಲ್ಲಿ ಗೆದ್ದವರು 20 ವರ್ಷದ ಸುಮಿತ್ ನಾಗಲ್, ಅವರ ಮೊದಲ ಚಾಲೆಂಜರ್ ಪ್ರಶಸ್ತಿ ಅದು. ಹರಿಯಾಣದ ಈ ಹುಡುಗ ಮಹೇಶ್ ಭೂಪತಿ ಅವರ ತರಬೇತಿ ಯೋಜನೆಗೆ ಆಯ್ಕೆಯಾಗಿ ಬೆಂಗಳೂರಿನಲ್ಲಿ ಆಡಿ ಬೆಳೆದಿದ್ದರು. 2018ರಲ್ಲಿ ಚೆನ್ನೈನ ಪ್ರಜ್ಞೇಶ್ ಗುಣೇಶ್ವರನ್ ಫೈನಲ್‌ನಲ್ಲಿ ಸಾಕೇತ್ ಮೈನೇನಿ ಅವರನ್ನು ಮಣಿಸಿದರು. 2020ರ ಫೆಬ್ರುವರಿಯಲ್ಲಿ ಸಿಂಗಲ್ಸ್ ಆಸ್ಟ್ರೇಲಿಯದ ಜೇಮ್ಸ್ ಡಕ್ವರ್ತ್ ಪಾಲಾಯಿತು. ಜನ ಕಿಕ್ಕಿರಿದದ್ದು ಮಾತ್ರ ಡಬಲ್ಸ್ ಫೈನಲ್‌ಗೆ, ಏಕೆಂದರೆ ಭಾರತದ ನೆಲದಲ್ಲಿ ಅದು ತಮ್ಮ ಕೊನೆಯ ಟೂರ್ನಿಯೆಂದು ಲಿಯಾಂಡರ್ ಪೇಸ್ ಹೇಳಿದ್ದರು. ಪೇಸ್ ಮತ್ತು ಮ್ಯಾಥ್ಯೂ ಎಬ್ಡೆನ್ ಜೋಡಿ ಪುರವ್ ರಾಜಾ–ರಾಮ್‌ಕುಮಾರ್ ರಾಮನಾಥನ್ ಎದುರು ಸೋತಿತು. ಅಂದು ಸೋತ ಎಬ್ಡೆನ್ ಹೆಸರು ಮುಂದೆ ಕೊಡಗಿನವರೊಬ್ಬರ ಕಥೆಯಲ್ಲಿ ಮತ್ತೆ ಬರುತ್ತದೆ.

2022ರಲ್ಲಿ ಒಂದರ ಹಿಂದೊಂದು ಎರಡು ಚಾಲೆಂಜರ್‌ಗಳು ನಡೆದವು. ಮೊದಲನೆಯದನ್ನು ಗೆದ್ದ ತೈವಾನಿನ ತ್ಸೆಂಗ್ ಚುನ್-ಸಿನ್ ರಾತ್ರಿ ಸಂತೆಯಲ್ಲಿ ತಿಂಡಿ ಮಾರುತ್ತಿದ್ದ ದಂಪತಿಯ ಮಗ. 2023ರಲ್ಲಿ ಆಸ್ಟ್ರೇಲಿಯದ ಮ್ಯಾಕ್ಸ್ ಪರ್ಸೆಲ್ ಚೆನ್ನೈ, ಬೆಂಗಳೂರು, ಪುಣೆ ಮೂರನ್ನೂ ಮೂರು ವಾರಗಳಲ್ಲಿ ಸತತವಾಗಿ ಗೆದ್ದು 200ರ ಆಚೆಯಿಂದ 100ರ ಒಳಕ್ಕೆ ನುಗ್ಗಿದರು. 2024ರಲ್ಲಿ ಇಟಲಿಯ ಸ್ಟೆಫಾನೊ ನಪೊಲಿಟಾನೊ. 2025ರಲ್ಲಿ ಟೂರ್ನಿ ಚಾಲೆಂಜರ್ 125 ದರ್ಜೆಗೇರಿತು. ಗೆದ್ದವರು ಅಮೆರಿಕದ ಬ್ರ್ಯಾಂಡನ್ ಹೋಲ್ಟ್, ಎರಡು ಬಾರಿ ಯುಎಸ್ ಓಪನ್ ಗೆದ್ದ ಟ್ರೇಸಿ ಆಸ್ಟಿನ್ ಅವರ ಮಗ. ತಾಯಿ ಚಾಂಪಿಯನ್ ಆದರೂ ಮಗ ಬೆಂಗಳೂರಿಗೆ ಬಂದೇ ಪಾಯಿಂಟ್ ಹೆಕ್ಕಬೇಕಾಯಿತು. 2018ರ ನಂತರದ ಈ ಸಿಂಗಲ್ಸ್ ವಿಜೇತರಲ್ಲಿ ಭಾರತೀಯರಿಲ್ಲ, ಕನ್ನಡಿಗರಂತೂ ಆರಂಭದಿಂದಲೂ ಇಲ್ಲ.

ನಗರದ ಎತ್ತರವೂ ಆಟದಲ್ಲಿ ಕೈ ಹಾಕುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಟೆನಿಸ್ ನಿಯಮಗಳ ಪ್ರಕಾರ 1,219 ಮೀಟರ್ ದಾಟಿದ ಊರುಗಳಿಗೆ ಮಾತ್ರ ವಿಶೇಷ ಚೆಂಡು. ಹಾಗಾಗಿ ಇಲ್ಲಿ ಮಾಮೂಲಿ ಚೆಂಡಿನಲ್ಲೇ ಆಡಬೇಕು, ಅದು ತೆಳುಗಾಳಿಯಲ್ಲಿ ಚೆನ್ನೈಗಿಂತ ಜೋರಾಗಿ ಹಾರುತ್ತದೆ. ದೊಡ್ಡ ಸರ್ವ್ ಇರುವವರಿಗೆ ಲಾಭ, ಬೇಸ್‌ಲೈನಿನಲ್ಲಿ ನಿಂತು ರ‍್ಯಾಲಿ ಕಟ್ಟುವವರಿಗೆ ಮೊದಲೆರಡು ದಿನ ಒದ್ದಾಟ. ಚೆನ್ನೈನಲ್ಲಿ ಆಡಿ ಮುಗಿಸಿ ಬಂದವರು ರ‍್ಯಾಕೆಟ್ಟಿನ ತಂತಿಯನ್ನು ಬಿಗಿಮಾಡಿಸಿಕೊಳ್ಳುವುದು ಅದಕ್ಕೇ.

ಕೆಎಸ್‌ಎಲ್‌ಟಿಎ ಕ್ರೀಡಾಂಗಣಕ್ಕೆ ಈಗ ಎಸ್.ಎಂ. ಕೃಷ್ಣ ಅವರ ಹೆಸರಿದೆ. ಮುಖ್ಯಮಂತ್ರಿಯಾಗಿದ್ದ ಅವರು ದೀರ್ಘಕಾಲ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. 2014ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ನಡೆದ ಭಾರತ–ಸರ್ಬಿಯಾ ಡೇವಿಸ್ ಕಪ್ ಹಣಾಹಣಿ ಹಳೆಯ ಪ್ರೇಕ್ಷಕರ ನೆನಪಿನಲ್ಲಿದೆ. 0–2 ಹಿಂದಿದ್ದ ಭಾರತವನ್ನು ಡಬಲ್ಸ್‌ನಲ್ಲಿ ಪೇಸ್–ರೋಹನ್ ಬೋಪಣ್ಣ ಎರಡು ಸೆಟ್ ಹಿನ್ನಡೆಯಿಂದ ಗೆದ್ದು ಉಳಿಸಿದರು, ಸೋಮದೇವ್ ದೇವವರ್ಮನ್ 2–2 ಮಾಡಿದರು. ಮಳೆಯಿಂದಾಗಿ ಸೋಮವಾರಕ್ಕೆ ಮುಂದೂಡಿದ ಕೊನೆಯ ಪಂದ್ಯದಲ್ಲಿ ಯೂಕಿ ಭಾಂಬ್ರಿ ಸೋತರು.

ಮಹಿಳೆಯರ ಐಟಿಎಫ್ ಟೂರ್ನಿಗಳೂ ಇಲ್ಲಿ ನಡೆಯುತ್ತ ಬಂದಿವೆ. 2023ರ ಮಾರ್ಚ್‌ನಲ್ಲಿ ಜೆಕ್ ಗಣರಾಜ್ಯದ 15 ವರ್ಷದ ಬ್ರೆಂಡಾ ಫ್ರುಹ್ವಿರ್ತೋವಾ ಫೈನಲ್‌ನಲ್ಲಿ ಅಂಕಿತಾ ರೈನಾ ಅವರನ್ನು ಸೋಲಿಸಿದರು. ಯುರೋಪಿನ ಬಾಲಕಿಯೊಬ್ಬಳು ಭಾರತಕ್ಕೆ ಬಂದು ಪಾಯಿಂಟ್ ಕಟ್ಟಿಕೊಂಡು ಹೋಗುವುದು, ಭಾರತದವರು ಟಿಕೆಟ್ ಹಣವಿಲ್ಲದೆ ಯುರೋಪಿಗೆ ಹೋಗಲಾಗದಿರುವುದು ಈ ಸ್ತರದ ನಿತ್ಯದ ನೋಟ.

ಜಿಲ್ಲೆಗಳ ಟೂರ್ನಿಗಳು

ರಾಜ್ಯದ ಆಟಗಾರರಿಗೆ ಬೆಂಗಳೂರು ಓಪನ್‌ಗಿಂತ ಹೆಚ್ಚು ಉಪಕಾರವಾದದ್ದು ಬಹುಶಃ ಜಿಲ್ಲಾ ಕೇಂದ್ರಗಳ ಐಟಿಎಫ್ ಟೂರ್ನಿಗಳಿಂದ. ಮೈಸೂರು, ಮಂಡ್ಯ, ದಾವಣಗೆರೆ, ಧಾರವಾಡ, ಕಲಬುರಗಿ ಎಲ್ಲವೂ ಬೇರೆಬೇರೆ ವರ್ಷ ಇವನ್ನು ನಡೆಸಿವೆ. 2023ರ ಕೊನೆಯಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಎಂ25 ಟೂರ್ನಿಗಳು ಕೆಲವೇ ವಾರಗಳ ಅಂತರದಲ್ಲಿ ಬಂದವು. ಕಲಬುರಗಿಯಲ್ಲಿ ರಾಮ್‌ಕುಮಾರ್ ರಾಮನಾಥನ್ ಆಸ್ಟ್ರಿಯದ ಡೇವಿಡ್ ಪಿಚ್ಲರ್ ಅವರನ್ನು ಸೋಲಿಸಿ ಗೆದ್ದರು. ಇಂಥ ಟೂರ್ನಿಗೆ ಬೆಂಗಳೂರಿನ ಹುಡುಗ ರಾತ್ರಿ ಬಸ್ಸಿನಲ್ಲಿ ಹೋಗಿ ಆಡಿ ಬರಬಹುದು. ವೀಸಾ ಬೇಡ, ವಿಮಾನ ಬೇಡ, ಊಟ ಒಗ್ಗುವುದಿಲ್ಲ ಎಂಬ ತಕರಾರಿಲ್ಲ. ಮೊದಲ ಸುತ್ತಿನಲ್ಲೇ ಸೋತರೂ ನಷ್ಟ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಒಂದು ರಾಜ್ಯ ತನ್ನ ಆಟಗಾರರಿಗೆ ನಗದು ಬಹುಮಾನ ಕೊಡುವುದಕ್ಕಿಂತ ವರ್ಷಕ್ಕೆ ಆರೇಳು ಎಂ15, ಮಹಿಳೆಯರ ಡಬ್ಲ್ಯು15 ಟೂರ್ನಿ ನಡೆಸುವುದು ಹೆಚ್ಚು ಫಲಕಾರಿ ಎಂಬುದು ಈ ಲೇಖಕನ ಅಭಿಪ್ರಾಯ.

ಲೆಕ್ಕ

15,000 ಡಾಲರ್ ಬಹುಮಾನದ ಎಂ15 ಟೂರ್ನಿಯಲ್ಲಿ ಸಿಂಗಲ್ಸ್ ಚಾಂಪಿಯನ್‌ಗೆ ಸಿಗುವುದು 2,160 ಡಾಲರ್. ಫೈನಲ್‌ನಲ್ಲಿ ಸೋತವರಿಗೆ 1,272, ಮೊದಲ ಸುತ್ತಿನಲ್ಲಿ ಸೋತವರಿಗೆ 156. ರೂಪಾಯಿಗೆ ತಿರುಗಿಸಿದರೆ ಗೆದ್ದವರಿಗೆ ಎರಡು ಲಕ್ಷದ ಆಸುಪಾಸು, ಮೊದಲ ಸುತ್ತಿನಲ್ಲೇ ಹೊರಬಿದ್ದವರಿಗೆ ಹದಿಮೂರು ಹದಿನಾಲ್ಕು ಸಾವಿರ, ತೆರಿಗೆ ಕಳೆಯುವ ಮುನ್ನ. ಇದರಲ್ಲೇ ಪ್ರಯಾಣ, ಹೋಟೆಲ್, ಊಟ, ತಂತಿ, ಬೂಟು. ಹಾರ್ಡ್‌ಕೋರ್ಟಿನಲ್ಲಿ ಬೂಟಿನ ಅಟ್ಟೆ ವಾರಗಳಲ್ಲಿ ಸವೆಯುತ್ತದೆ. ಹಣ ಉಳಿಸಲು ತಂತಿಯನ್ನು ತಾವೇ ಕಟ್ಟಿಕೊಳ್ಳುವವರು, ಒಂದೇ ಕೋಣೆಯಲ್ಲಿ ಮೂವರು ಮಲಗುವವರು, ನಾಳೆ ತನ್ನ ಎದುರಾಳಿಯಾಗುವವನ ಜೊತೆಯಲ್ಲೇ ಇಂದು ಆಟೊ ಬಾಡಿಗೆ ಹಂಚಿಕೊಳ್ಳುವವರು ಈ ಸ್ತರದಲ್ಲಿ ಸಾಮಾನ್ಯ.

ಐಟಿಎಫ್ 2013ರ ಅಂಕಿಅಂಶಗಳನ್ನು ಆಧರಿಸಿ ನಡೆಸಿದ ಅಧ್ಯಯನದ ಪ್ರಕಾರ ಆ ವರ್ಷ ವೃತ್ತಿಪರ ಟೂರ್ನಿಗಳಲ್ಲಿ ಆಡಿದವರು ಸುಮಾರು 14,000 ಮಂದಿ, ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಒಂದು ಡಾಲರನ್ನೂ ಗಳಿಸಲಿಲ್ಲ. ಪುರುಷ ಆಟಗಾರನ ಸರಾಸರಿ ವಾರ್ಷಿಕ ಖರ್ಚು 38,800 ಡಾಲರ್, ಮಹಿಳೆಯರದು 40,180. ಇದರಲ್ಲಿ ಕೋಚ್ ಸಂಬಳ ಸೇರಿಲ್ಲ. ಖರ್ಚೂ ಗಳಿಕೆಯೂ ಸಮವಾಗುವ ಸ್ಥಾನ ಪುರುಷರಲ್ಲಿ 336, ಮಹಿಳೆಯರಲ್ಲಿ 253. ಆಟದ ಪ್ರಾಮಾಣಿಕತೆಯ ಬಗ್ಗೆ 2018ರಲ್ಲಿ ವರದಿ ಕೊಟ್ಟ ಸ್ವತಂತ್ರ ಪರಿಶೀಲನಾ ಸಮಿತಿಯೂ ಕೈಕಚ್ಚಿಕೊಳ್ಳದೆ ಆಡುವವರು 250ರಿಂದ 350 ಮಂದಿಯಷ್ಟೇ ಎಂದು ಕಂಡುಕೊಂಡಿತು.

ಭಾರತದಲ್ಲಿ ಈ ಲೆಕ್ಕವನ್ನು ಬಹಿರಂಗವಾಗಿ ಬಿಡಿಸಿಟ್ಟವರು ಸುಮಿತ್ ನಾಗಲ್. ವರ್ಷದ ಆರಂಭದಲ್ಲಿ ತನ್ನ ಖಾತೆಯಲ್ಲಿ ಉಳಿದಿದ್ದುದು 900 ಯೂರೊ, ಅಂದರೆ ಸುಮಾರು 80 ಸಾವಿರ ರೂಪಾಯಿ ಎಂದು 2023ರ ಸೆಪ್ಟೆಂಬರ್‌ನಲ್ಲಿ ಅವರು ಸುದ್ದಿಸಂಸ್ಥೆಯೊಂದಕ್ಕೆ ಹೇಳಿದರು. ಆಗ ಅವರು ದೇಶದ ನಂಬರ್ ಒನ್ ಸಿಂಗಲ್ಸ್ ಆಟಗಾರ. ಒಬ್ಬನೇ ಕೋಚ್ ಜೊತೆ ಸುತ್ತಿದರೂ ವರ್ಷಕ್ಕೆ 80 ಲಕ್ಷದಿಂದ ಒಂದು ಕೋಟಿ ರೂಪಾಯಿ ಬೇಕು ಎಂಬುದು ಅವರ ಲೆಕ್ಕ. ನಾಲ್ಕು ತಿಂಗಳ ಬಳಿಕ, 2024ರ ಜನವರಿಯಲ್ಲಿ, ಅವರು ಕ್ವಾಲಿಫೈಯಿಂಗ್‌ನ ಮೂರು ಪಂದ್ಯ ಗೆದ್ದು ಆಸ್ಟ್ರೇಲಿಯನ್ ಓಪನ್ ಮುಖ್ಯ ಡ್ರಾ ಸೇರಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತ ಆಟಗಾರನನ್ನು ಭಾರತೀಯನೊಬ್ಬ ಸೋಲಿಸಿದ್ದು 1989ರ ರಮೇಶ್ ಕೃಷ್ಣನ್ ನಂತರ ಅದೇ ಮೊದಲು. ಎರಡನೇ ಸುತ್ತು ತಲುಪಿದ್ದಕ್ಕೆ 1,80,000 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು. ಒಂದು ವಾರದ ಆ ಮೊತ್ತ ಒಂದು ಇಡೀ ವರ್ಷದ ಖರ್ಚನ್ನು ತೂಗಿಸಿತು. ಅದೇ ವರ್ಷ ಜುಲೈನಲ್ಲಿ ಅವರು 68ನೇ ಸ್ಥಾನಕ್ಕೇರಿದರು. ಬೆಂಗಳೂರಿನ ಕೋರ್ಟಿನಲ್ಲಿ ಆಡುವ 600ನೇ ಕ್ರಮಾಂಕದವನಿಗೆ ಈ ಕಥೆಯಲ್ಲಿ ಆಸೆಯೂ ಇದೆ, ಎಚ್ಚರಿಕೆಯೂ ಇದೆ.

ಪಟ್ಟಿಯ ಕೆಳಗಿರುವವರು ಬೇರೆಬೇರೆ ಮೂಲಗಳಿಂದ ಖರ್ಚು ತೂಗಿಸುತ್ತಾರೆ: ಜರ್ಮನಿ, ಫ್ರಾನ್ಸ್‌ಗಳ ಕ್ಲಬ್ ಲೀಗುಗಳಲ್ಲಿ ಪಂದ್ಯಕ್ಕಿಷ್ಟು ಎಂದು ಆಡುವುದು, ಅಖಿಲ ಭಾರತ ಟೆನಿಸ್ ಸಂಸ್ಥೆಯ ದೇಶೀಯ ಟೂರ್ನಿಗಳು, 2018ರಲ್ಲಿ ಆರಂಭವಾದ ಟೆನಿಸ್ ಪ್ರೀಮಿಯರ್ ಲೀಗ್, ಸಾರ್ವಜನಿಕ ಉದ್ದಿಮೆಗಳ ಕ್ರೀಡಾ ಕೋಟಾದ ನೌಕರಿ, ಎಲ್ಲಕ್ಕೂ ಮೇಲೆ ಅಪ್ಪ ಅಮ್ಮಂದಿರ ಉಳಿತಾಯ. ಅಮೆರಿಕದ ಕಾಲೇಜು ವಿದ್ಯಾರ್ಥಿವೇತನ ಈಚೆಗೆ ಬಲವಾಗಿರುವ ಇನ್ನೊಂದು ದಾರಿ. ಪದವಿಯೂ ಕೈಗೆ ಬರುತ್ತದೆ, ನಾಲ್ಕು ವರ್ಷ ತರಬೇತಿಯೂ ಉಚಿತ. ಸಾಕೇತ್ ಮೈನೇನಿ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಆಡಿ ಬಂದವರು.

ಹೊರವಲಯದ ಕೋರ್ಟುಗಳು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮೂರೂ ಕೆಲಸದ ಊರುಗಳು. ಪೀಣ್ಯ 1970ರ ದಶಕದಿಂದ ಬೆಳೆದ ಕೈಗಾರಿಕಾ ಪ್ರದೇಶ. ಎಲೆಕ್ಟ್ರಾನಿಕ್ ಸಿಟಿ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್‌ನ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ ಅವರ ಕನಸು, ಆ ಸಂಸ್ಥೆ ಅದನ್ನು 1970ರ ದಶಕದ ಕೊನೆಯಲ್ಲಿ ಆರಂಭಿಸಿತು. ವೈಟ್‌ಫೀಲ್ಡ್ ಆಂಗ್ಲೋ-ಇಂಡಿಯನ್ ವಸಾಹತಾಗಿ ಹುಟ್ಟಿ, 1990ರ ದಶಕದಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಬಂದ ಮೇಲೆ ಮುಖ ಬದಲಿಸಿತು. ಈ ಪ್ರದೇಶಗಳಿಗೆ ಟೆನಿಸ್ ಬಂದದ್ದು ಕ್ಲಬ್ಬುಗಳ ಮೂಲಕ ಅಲ್ಲ. ನಗರದ ನಡುವಿನ ಹಳೆಯ ಟೆನಿಸ್ ಬ್ರಿಟಿಷರ ಕಾಲದ ಕ್ಲಬ್ಬುಗಳ ಸೊತ್ತು, ಅಲ್ಲಿ ಸದಸ್ಯತ್ವಕ್ಕೆ ವರ್ಷಗಟ್ಟಲೆ ಕಾಯಬೇಕು. ಹೊರವಲಯದಲ್ಲಿ ಅಪಾರ್ಟ್‌ಮೆಂಟಿನ ಬಿಲ್ಡರು ಈಜುಕೊಳ, ಜಿಮ್ ಜೊತೆಗೆ ಒಂದು ಟೆನಿಸ್ ಕೋರ್ಟನ್ನೂ ನಕ್ಷೆಯಲ್ಲಿ ಬಿಡಿಸಿದ. ಕೋರ್ಟು ಇದೆಯೆಂದ ಮೇಲೆ ಮಕ್ಕಳಿಗೆ ಕಲಿಸುವವರೊಬ್ಬರು ಬೇಕಾದರು.

ರಾಷ್ಟ್ರೀಯ ಮಟ್ಟದಲ್ಲಿ ಆಡಿದ, ರ‍್ಯಾಂಕಿಂಗ್ ಪಟ್ಟಿಯಲ್ಲಿ ಒಂದೆರಡು ವರ್ಷ ಹೆಸರಿದ್ದ ಹುಡುಗರಿಗೆ ಸಂಪಾದನೆಯ ಬಾಗಿಲು ಇಲ್ಲಿ ತೆರೆಯಿತು. ಬೆಳಗ್ಗೆ ಐಟಿ ಉದ್ಯೋಗಿಗಳ ಜೊತೆ ಹಿಟ್ಟಿಂಗ್ ಪಾರ್ಟ್ನರ್ ಆಗಿ ಆಡುವುದು, ಸಂಜೆ ಶಾಲೆ ಬಿಟ್ಟ ಮಕ್ಕಳಿಗೆ ಬುಟ್ಟಿ ಚೆಂಡು ಹಾಕಿ ಕಲಿಸುವುದು, ನಡುವಿನ ಹೊತ್ತಿನಲ್ಲಿ ತನ್ನ ಅಭ್ಯಾಸ ಮತ್ತು ಫಿಟ್‌ನೆಸ್. ಇಂಥವನ ಸ್ಥಿತಿ ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡ ಘಟಕದ ಮಾಲೀಕನಂತೆಯೇ. ಕಚ್ಚಾವಸ್ತು ತನ್ನ ಕೈಯಿಂದ, ಆರ್ಡರ್ ಬರುವ ಖಾತರಿಯಿಲ್ಲ, ಯಂತ್ರ ಕೆಟ್ಟರೆ ಆ ತಿಂಗಳ ಸಂಪಾದನೆ ಇಲ್ಲ, ಇಲ್ಲಿ ಯಂತ್ರವೆಂದರೆ ಭುಜ ಮತ್ತು ಮೊಣಕಾಲು. ತೊಡಕು ಇಲ್ಲೇ ಇದೆ. ಕೋಚಿಂಗ್‌ನಲ್ಲಿ ದಿನಕ್ಕೆ ನಾಲ್ಕೈದು ತಾಸು ನಿಂತವನ ಕಾಲಿನಲ್ಲಿ ತನ್ನ ಆಟಕ್ಕೆ ಬೇಕಾದ ಕಸುವು ಉಳಿಯುವುದಿಲ್ಲ. ಟೂರ್ನಿಗೆಂದು ಮೂರು ವಾರ ಊರು ಬಿಟ್ಟರೆ ಬ್ಯಾಚು ಬೇರೆಯವರ ಪಾಲಾಗುತ್ತದೆ. ಹಣಕ್ಕಾಗಿ ಹಿಡಿದ ಕೆಲಸ ನಿಧಾನವಾಗಿ ಆಟವನ್ನು ನುಂಗುವುದು ಈ ವೃತ್ತಿ ಮುಗಿಯುವ ಅತ್ಯಂತ ಸಾಮಾನ್ಯ ಬಗೆ. ನಿವೃತ್ತಿಯ ಘೋಷಣೆ ಇರುವುದಿಲ್ಲ. ಒಂದು ವರ್ಷ ಎಂಟು ಟೂರ್ನಿ, ಮರುವರ್ಷ ಮೂರು, ಅದರ ಮರುವರ್ಷ ಊರಿನಲ್ಲೇ ನಡೆಯುವ ಒಂದು. ಪಾಯಿಂಟುಗಳು ಉದುರಿ ಪಟ್ಟಿಯಿಂದ ಹೆಸರು ಮರೆಯಾಗುತ್ತದೆ.

ನಡುನಗರ ಮತ್ತು ಹೊರವಲಯದ ನಡುವಿನ ದಾರಿಯೇ ಬಹುಕಾಲ ದೊಡ್ಡ ಅಡ್ಡಿಯಾಗಿತ್ತು. ವೈಟ್‌ಫೀಲ್ಡಿನ ಹುಡುಗಿ ಶಾಲೆ ಮುಗಿಸಿ ಕಬ್ಬನ್ ಉದ್ಯಾನಕ್ಕೆ ಅಭ್ಯಾಸಕ್ಕೆ ಹೋಗಬೇಕೆಂದರೆ ಮಾರತ್‌ಹಳ್ಳಿಯ ಟ್ರಾಫಿಕ್‌ನಲ್ಲಿ ಸಂಜೆಯೇ ಕರಗುತ್ತಿತ್ತು. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ಕೊಂಡಿ ತೆರೆದ ಮೇಲೆ ಮೆಟ್ರೊದ ನೇರಳೆ ಮಾರ್ಗದ ರೈಲು ವೈಟ್‌ಫೀಲ್ಡಿನಿಂದ ನೇರವಾಗಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಬರುತ್ತದೆ. ಪೀಣ್ಯಕ್ಕೆ ಹಸಿರು ಮಾರ್ಗ 2014ರಲ್ಲೇ ಬಂದಿತ್ತು, ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಸಾಕು. ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಹಾದುಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ರ‍್ಯಾಕೆಟ್ ಚೀಲ ಬೆನ್ನಿಗೆ ಹಾಕಿಕೊಂಡ ಮಕ್ಕಳು ಈಗ ಮೂರೂ ದಿಕ್ಕಿನಿಂದ ಮೆಟ್ರೊದಲ್ಲೇ ಬರಬಹುದು. ಟೆನಿಸ್ ಸಂಸ್ಥೆಗಳು ಮಾಡಿದ ಯಾವ ಯೋಜನೆಗಿಂತಲೂ ಇದು ಹೆಚ್ಚು ಕೆಲಸ ಮಾಡೀತು.

213ನೇ ಸ್ಥಾನ

ಕರ್ನಾಟಕದ ಅತ್ಯಂತ ಪ್ರಸಿದ್ಧ ಟೆನಿಸ್ ಆಟಗಾರ ರೋಹನ್ ಬೋಪಣ್ಣ. ಅವರ ಸಿಂಗಲ್ಸ್ ವೃತ್ತಿಯನ್ನಷ್ಟೇ ನೋಡಿದರೆ ಅವರು ಈ ಲೇಖನದ ಗಡಿಯ ಅಂಚಿನಲ್ಲೇ ನಿಲ್ಲುತ್ತಾರೆ. 1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ ಹುಟ್ಟಿ ಕೊಡಗಿನ ಕಾಫಿ ತೋಟದಲ್ಲಿ ಬೆಳೆದ ಅವರು ರ‍್ಯಾಕೆಟ್ ಹಿಡಿದದ್ದು 11ನೇ ವಯಸ್ಸಿನಲ್ಲಿ, ಅಂದರೆ ಇಂದಿನ ಲೆಕ್ಕದಲ್ಲಿ ತುಂಬ ತಡವಾಗಿ. ವೃತ್ತಿಪರರಾದದ್ದು 2003ರಲ್ಲಿ. ಸಿಂಗಲ್ಸ್‌ನಲ್ಲಿ ಅವರು ಏರಿದ ಅತ್ಯುನ್ನತ ಸ್ಥಾನ 213, ಅದು 2007ರ ಜುಲೈನಲ್ಲಿ. 27 ವರ್ಷದ ಆಟಗಾರನಿಗೆ ಅದು ಮುಂದೆ ಹೋಗಲಾಗದ ಗೋಡೆ. ಸರ್ವ್ ಭೀಕರವಾಗಿತ್ತು. ಐದು ದಿನ ಐದು ಸಿಂಗಲ್ಸ್ ಪಂದ್ಯ ತಾಳಿಕೊಳ್ಳುವ ಮೈಯಾಗಲಿ, ರಿಟರ್ನ್‌ನಲ್ಲಿ ದಿನವಿಡೀ ಓಡುವ ಆಟವಾಗಲಿ ಅವರದಾಗಿರಲಿಲ್ಲ.

ಅವರು ಆರಿಸಿಕೊಂಡದ್ದು ಡಬಲ್ಸ್. ಅಲ್ಲಿ ಅರ್ಧ ಕೋರ್ಟು, ದೊಡ್ಡ ಸರ್ವ್‌ಗೆ ದುಪ್ಪಟ್ಟು ಬೆಲೆ, ವಯಸ್ಸಿಗೆ ಕೊಂಚ ರಿಯಾಯಿತಿ. ಪಾಕಿಸ್ತಾನದ ಐಸಾಮ್-ಉಲ್-ಹಕ್ ಖುರೇಷಿ ಜೊತೆಗೂಡಿ ಚಾಲೆಂಜರ್‌ಗಳಿಂದ ಮೇಲೆ ಬಂದು 2010ರ ಯುಎಸ್ ಓಪನ್ ಫೈನಲ್ ತಲುಪಿದರು, ಬ್ರಯಾನ್ ಸಹೋದರರ ಎದುರು ಸೋತರು. ಅದೇ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧದ ಡೇವಿಸ್ ಕಪ್‌ನಲ್ಲಿ ಭಾರತ 0–2ರಿಂದ 2–2ಕ್ಕೆ ಬಂದಾಗ ನಿರ್ಣಾಯಕ ಸಿಂಗಲ್ಸ್ ಆಡಿ ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದವರೂ ಅವರೇ. ಕೆಳಕ್ರಮಾಂಕದ ಸಿಂಗಲ್ಸ್ ಆಟಗಾರ ತನಗಿಂತ ಎಷ್ಟೋ ಮೇಲಿರುವವನನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಸೋಲಿಸಬಲ್ಲ. 200ನೇ ಸ್ಥಾನಕ್ಕೂ 60ನೇ ಸ್ಥಾನಕ್ಕೂ ಇರುವ ಅಂತರ ಹೊಡೆತಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದೇ ಆಟವನ್ನು ವರ್ಷಕ್ಕೆ ಮೂವತ್ತು ವಾರ ಆಡಬಲ್ಲೆನೇ ಎಂಬಲ್ಲಿ ಕಾಣುತ್ತದೆ.

2017ರಲ್ಲಿ ಗ್ಯಾಬ್ರಿಯೆಲಾ ಡಬ್ರೋವ್ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಆ ಬಳಿಕ ಕೆಟ್ಟ ದಿನಗಳು ಬಂದವು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು, 2021ರಲ್ಲಿ ಪಂದ್ಯದ ಮೇಲೆ ಪಂದ್ಯ ಸೋತು ಆಟ ಬಿಡುವ ಯೋಚನೆ ಮಾಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ನೋವಿನಿಂದ ಹೊರಬರಲು ಅಯ್ಯಂಗಾರ್ ಯೋಗ ನೆರವಾಯಿತು ಎಂಬುದೂ ಅವರ ಮಾತೇ. 2023ರಲ್ಲಿ ಎಬ್ಡೆನ್ ಜೊತೆಯಾದರು. 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಈ ಜೋಡಿ ಇಟಲಿಯ ಬೊಲೆಲ್ಲಿ–ವವಸ್ಸೋರಿ ಅವರನ್ನು 7–6, 7–5ರಿಂದ ಸೋಲಿಸಿ ಆಸ್ಟ್ರೇಲಿಯನ್ ಓಪನ್ ಗೆದ್ದಿತು. ಎರಡು ದಿನ ಬಿಟ್ಟು ಪ್ರಕಟವಾದ ಪಟ್ಟಿಯಲ್ಲಿ 43 ವರ್ಷದ ಬೋಪಣ್ಣ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್. ಅಷ್ಟು ವಯಸ್ಸಿನಲ್ಲಿ ಆ ಸ್ಥಾನವನ್ನು ಮೊದಲ ಬಾರಿಗೆ ಏರಿದವರು ಬೇರಾರೂ ಇಲ್ಲ. 2025ರ ನವೆಂಬರ್ 1ರಂದು ಅವರು ನಿವೃತ್ತಿ ಘೋಷಿಸಿದರು.

ಡಬಲ್ಸ್ ಎಲ್ಲರನ್ನೂ ದಡ ಸೇರಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಎಂ15 ಮಟ್ಟದಲ್ಲಿ ಡಬಲ್ಸ್ ಗೆದ್ದ ಜೋಡಿಗೆ ಸಿಗುವುದು ಒಟ್ಟು 930 ಡಾಲರ್, ಅದನ್ನು ಇಬ್ಬರು ಹಂಚಿಕೊಳ್ಳಬೇಕು. ಮೇಲಿನ ಸ್ತರ ತಲುಪುವವರೆಗೆ ಸಿಂಗಲ್ಸ್‌ಗಿಂತಲೂ ಬಡತನದ ದಾರಿ ಅದು. ಆದರೂ ಬೋಪಣ್ಣ ನಂತರ ಭಾರತದ ಕೆಳಕ್ರಮಾಂಕದವರಲ್ಲಿ ಬಹಳ ಮಂದಿ ಅದೇ ದಾರಿ ಹಿಡಿದಿದ್ದಾರೆ. ಕೊಡಗಿನದೇ ಮನೆತನದ ಕಲಿಯಂಡ ನಿಕ್ಕಿ ಪೂಣಚ್ಚ ಅವರಲ್ಲೊಬ್ಬರು. 2024ರ ಫೆಬ್ರುವರಿಯಲ್ಲಿ ಇಸ್ಲಾಮಾಬಾದ್‌ನಲ್ಲಿ ನಡೆದ ಪಾಕಿಸ್ತಾನ ವಿರುದ್ಧದ ಡೇವಿಸ್ ಕಪ್‌ನಲ್ಲಿ ಅವರು ಚೊಚ್ಚಲ ಪಂದ್ಯ ಆಡಿ ಗೆದ್ದರು.

ಇತರರು

ಬೋಪಣ್ಣ ಅವರಿಗಿಂತ ಮುಂಚೆ ಮೈಸೂರಿನ ಪ್ರಹ್ಲಾದ ಶ್ರೀನಾಥ್ ಭಾರತದ ಡೇವಿಸ್ ಕಪ್ ತಂಡದಲ್ಲಿ ಆಡಿದ್ದರು. ಈಚಿನ ವರ್ಷಗಳಲ್ಲಿ ಪ್ರಜ್ವಲ್ ದೇವ್, ಸೂರಜ್ ಪ್ರಬೋಧ್, ಆದಿಲ್ ಕಲ್ಯಾಣಪುರ, ರಿಷಿ ರೆಡ್ಡಿ, ಮಹಿಳೆಯರಲ್ಲಿ ಶರ್ಮದಾ ಬಾಲು, ಧೃತಿ ತಾತಾಚಾರ್ ವೇಣುಗೋಪಾಲ್ ಐಟಿಎಫ್ ಡ್ರಾಗಳಲ್ಲಿ ಮತ್ತೆಮತ್ತೆ ಕಾಣುವ ಕರ್ನಾಟಕದ ಹೆಸರುಗಳು. ವೀಲ್‌ಚೇರ್ ಟೆನಿಸ್‌ನಲ್ಲಿ ಬೆಂಗಳೂರಿನ ಶೇಖರ್ ವೀರಸ್ವಾಮಿ ದೇಶದ ಅಗ್ರ ಆಟಗಾರರಾಗಿ ಬೆಳೆದರು. ಅವರಂಥವರಿಗೆ ಪ್ರಯಾಣದ ಖರ್ಚಿಗೆ ಆಟದ ಕುರ್ಚಿಯ ಖರ್ಚೂ ಸೇರುತ್ತದೆ.

ಗಾಯ ಮತ್ತು ಬೆಟ್ಟಿಂಗ್

ಪ್ರಜ್ಞೇಶ್ ಗುಣೇಶ್ವರನ್ ಮೊಣಕಾಲಿನ ತೊಂದರೆಯಿಂದ ಸುಮಾರು ಐದು ವರ್ಷ ಕಳೆದುಕೊಂಡರು. ಆಮೇಲೆ ಬೆಂಗಳೂರಿನಲ್ಲಿ ಗೆದ್ದು, ಐದೇ ತಿಂಗಳಲ್ಲಿ, 2019ರ ಏಪ್ರಿಲ್‌ನಲ್ಲಿ, 75ನೇ ಸ್ಥಾನ ಮುಟ್ಟಿದರು. ಹಾಗೆ ಹಿಂತಿರುಗುವವರು ವಿರಳ. ಕೆಳಸ್ತರದಲ್ಲಿ ಫಿಸಿಯೊ ಜೊತೆಗಿರುವುದಿಲ್ಲ. ಟೂರ್ನಿಯ ಒಬ್ಬ ಫಿಸಿಯೊ ಮುಂದೆ ಸಾಲು ನಿಲ್ಲಬೇಕು. ಸಣ್ಣ ನೋವನ್ನು ಸಹಿಸಿಕೊಂಡು ಆಡಿ ದೊಡ್ಡದು ಮಾಡಿಕೊಳ್ಳುವುದು ಅಲ್ಲಿಂದಲೇ ಶುರು.

ಇನ್ನೊಂದು ಕೇಡು ಬೆಟ್ಟಿಂಗ್. 2012ರಲ್ಲಿ ಐಟಿಎಫ್ ಕೆಳಸ್ತರದ ಪಂದ್ಯಗಳ ನೇರ ಸ್ಕೋರನ್ನು ದತ್ತಾಂಶ ಕಂಪನಿಗೆ ಮಾರಲು ಒಪ್ಪಂದ ಮಾಡಿಕೊಂಡ ಮೇಲೆ ಖಾಲಿ ಗ್ಯಾಲರಿಯ ಎದುರು ನಡೆಯುವ ಪಂದ್ಯದ ಮೇಲೂ ಜಗತ್ತಿನ ಯಾವುದೋ ಮೂಲೆಯಲ್ಲಿ ಬಾಜಿ ಕಟ್ಟಬಹುದಾಯಿತು. ಮೊದಲ ಸುತ್ತಿಗೆ 156 ಡಾಲರ್ ಪಡೆಯುವವನಿಗೆ ಒಂದು ಸೆಟ್ ಬಿಟ್ಟುಕೊಟ್ಟರೆ ಅದರ ಹತ್ತಾರು ಪಟ್ಟು ಕೊಡುತ್ತೇವೆಂದು ಸಂದೇಶ ಬಂದರೆ ಆಸೆ ಹುಟ್ಟುವುದು ಕಷ್ಟವಲ್ಲ. ಸ್ವತಂತ್ರ ಪರಿಶೀಲನಾ ಸಮಿತಿಯ 2018ರ ವರದಿ ದೋಷವನ್ನು ಈ ಸ್ತರದ ಹಣಕಾಸಿನಲ್ಲೇ ಗುರುತಿಸಿತು. 2021ರಿಂದ ಅಂತರರಾಷ್ಟ್ರೀಯ ಟೆನಿಸ್ ಇಂಟೆಗ್ರಿಟಿ ಏಜೆನ್ಸಿ ತನಿಖೆ ನಡೆಸುತ್ತದೆ. ಸಂದೇಶ ಬಂದದ್ದನ್ನು ತಿಳಿಸದೆ ಸುಮ್ಮನಿರುವುದೂ ನಿಯಮದಲ್ಲಿ ಅಪರಾಧ. ಮೋಸ ಮಾಡದವರಿಗೂ ಕಾಟ ತಪ್ಪಿಲ್ಲ. ಬಾಜಿ ಸೋತವರು ಆಟಗಾರರ ಜಾಲತಾಣ ಖಾತೆಗಳಿಗೆ ಬಂದು ಬೈಯುತ್ತಾರೆ. 2024ರಲ್ಲಿ 458 ಆಟಗಾರರನ್ನು ಗುರಿಯಾಗಿಸಿದ ಸುಮಾರು 8,000 ನಿಂದನೆಗಳನ್ನು ಡಬ್ಲ್ಯುಟಿಎ ಮತ್ತು ಐಟಿಎಫ್ ಪತ್ತೆಮಾಡಿದವು, ಅವುಗಳಲ್ಲಿ ಸುಮಾರು ಶೇ 40ರಷ್ಟು ಬಾಜಿಕೋರರವು.

ಆಟದ ನಂತರ

ಈ ಆಟಗಾರರ ಎರಡನೇ ವೃತ್ತಿ ಹೆಚ್ಚಾಗಿ ಕೋಚಿಂಗ್. ಅದರ ಹಿರಿಯ ಮಾದರಿ ಜೀಶನ್ ಅಲಿ. ಕೋಲ್ಕತ್ತದಲ್ಲಿ ಹುಟ್ಟಿದ, ಕೋಚ್ ಅಖ್ತರ್ ಅಲಿ ಅವರ ಮಗನಾದ ಇವರು 1988ರ ಒಲಿಂಪಿಕ್ಸ್‌ನಲ್ಲಿ ಆಡಿದರು, ಸಿಂಗಲ್ಸ್‌ನಲ್ಲಿ 126ನೇ ಸ್ಥಾನದವರೆಗೆ ಏರಿದರು, ಬೆನ್ನುನೋವು ಆಟವನ್ನು ಬೇಗ ಮುಗಿಸಿತು. ಆಮೇಲೆ ಕೆಎಸ್‌ಎಲ್‌ಟಿಎ ಅಂಗಳದಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಕಲಿಸುತ್ತಲೇ ಭಾರತದ ಡೇವಿಸ್ ಕಪ್ ತಂಡದ ಕೋಚ್ ಆಗಿದ್ದರು. ಬೋಪಣ್ಣ ಆಡುತ್ತಿದ್ದಾಗಲೇ ಬೆಂಗಳೂರಿನಲ್ಲಿ ತಮ್ಮ ಅಕಾಡೆಮಿ ತೆರೆದರು. ಹೊರವಲಯದಲ್ಲಿ ಕಲಿಸುವ ಬಹುಪಾಲು ಮಂದಿಗೆ ಇಂಥ ಹೆಸರಿನ ಬಲವಿಲ್ಲ. ಐಟಿಎಫ್‌ನ ಹಂತಹಂತದ ಕೋಚಿಂಗ್ ಪ್ರಮಾಣಪತ್ರ ಪಡೆದವರಿಗೆ ಶಾಲೆಗಳು, ದೊಡ್ಡ ಅಕಾಡೆಮಿಗಳು ಸಂಬಳದ ಕೆಲಸ ಕೊಡುತ್ತವೆ. ಪಡೆಯದವರು ಅಪಾರ್ಟ್‌ಮೆಂಟ್ ಸಂಘದ ಜೊತೆ ವರ್ಷವರ್ಷದ ಕರಾರಿನಲ್ಲಿ ಉಳಿಯುತ್ತಾರೆ, ಸಂಘದ ಪದಾಧಿಕಾರಿ ಬದಲಾದರೆ ಕರಾರೂ ಬದಲಾಗುತ್ತದೆ. ಈಚೆಗೆ ಅಂಥ ಕೆಲವು ಕೋರ್ಟುಗಳ ಮೇಲೆ ಪಿಕಲ್‌ಬಾಲ್ ಗೆರೆಗಳೂ ಬಿದ್ದಿವೆ. ಟೆನಿಸ್ ಕಲಿಸುತ್ತಿದ್ದವರೇ ಅದನ್ನೂ ಕಲಿಸುತ್ತಿದ್ದಾರೆ.